ಪೈನ್ ಕಾಯಿಯ ಚಿಟ್ಟೆ, ಜೋಳದ ಚಿಟ್ಟೆ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಮುಲುಂಡ್‌ನಲ್ಲಿ ಮಗನ ಮನೆ. ಅಡುಗೆಮನೆಯ ಮೂಲೆಯಲ್ಲಿ ನನ್ನ ಜೋಳದ ಚೀಲ. ವಿಜಯಪುರದಿಂದ ತಮ್ಮ ಕಳಿಸುತ್ತಿದ್ದ. ರೊಟ್ಟಿ ಇಲ್ಲದ್ದು ನನಗೆ ಊಟವೇ ಅಲ್ಲ.

ಒಂದು ದಿನ ಟಿವಿಯ ಮುಂದೆ ಸಣ್ಣ ಚಿಟ್ಟೆಗಳು ಹಾರಾಡತೊಡಗಿದವು. ಸೊಸೆ ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ಹಿಂದಿ.

“ಅತ್ತಿ, ಯೆ ಸಬ್ ನಿಮ್ಮ ಜೋಳದಿಂದ. ರವಿವಾರ ಚೀಲ ಹೊರಗ ಹಾಕೋಣ.”

“ನನ್ನ ಜೋಳದಾಗ ಹುಳ ಇಲ್ಲ.”

“ಮತ್ತ ಇವು ಲೋಕಲ್ ಟ್ರೇನ್‌ನಾಗ ಬಂದ್ವಾ?”

ಮಗ ನಕ್ಕ. ತಿನ್ನುವಾಗ ಮಾತ್ರ ಅವನು ನನ್ನ ರೊಟ್ಟಿಯ ಕಡೆ.

ಒಂದು ಚಿಟ್ಟೆಯ ಮೇಲೆ ಗಾಜಿನ ಲೋಟ ಕವುಚಿ, ಕನ್ನಡಕ ಹಾಕಿ ನೋಡಿದೆ. ಜೋಳದ ಚಿಟ್ಟೆಯನ್ನು ಚಿಕ್ಕಂದಿನಿಂದ ಬಲ್ಲೆ. ಮಣ್ಣಿನ ಬಣ್ಣ, ರೆಕ್ಕೆಯ ಮೇಲೆ ಎದ್ದು ಕಾಣುವ ಗುರುತಿಲ್ಲ, ಒಗೆದು ಒಗೆದು ಸವೆದ ಧೋತರದಂತೆ. ಇದು ಬೂದಿ ಬಣ್ಣ. ರೆಕ್ಕೆಗೆ ಅಡ್ಡಲಾಗಿ ಹಲ್ಲು ಹಲ್ಲಾದ ಬಿಳಿ ಗೆರೆ, ಇಳಕಲ್ ಸೀರೆಯ ಸೆರಗಿನ ತೆನೆಯಂತೆ. ಜೋಳದ ಹುಳ ಕಾಳುಗಳನ್ನು ನೂಲಿನಿಂದ ಗಂಟು ಕಟ್ಟುತ್ತದೆ. ಚೀಲದೊಳಗೆ ಕೈಯಾಡಿಸಿದೆ; ಗಂಟು ಸಿಗಲಿಲ್ಲ.

ಆಗ ಟಿವಿ ಪಕ್ಕದ ಬುಟ್ಟಿ ಕಣ್ಣಿಗೆ ಬಿತ್ತು. ಮಗ, ಸೊಸೆ ಶಿಮ್ಲಾಕ್ಕೆ ಹೋದಾಗ ಅಂದಕ್ಕೆಂದು ಆರಿಸಿ ತಂದ ಪೈನ್ ಮರದ ಕಾಯಿಗಳು. ಒಂದರ ಮೇಲೆ ಅಂಟು ಸುರಿದು ಗಟ್ಟಿಯಾಗಿತ್ತು. ಸುತ್ತ ಕೆಂಪು ತರಿಯಂಥ ಹಿಕ್ಕೆ, ನಡುವೆ ತೂತು.

“ನಿನ್ನ ಕಾಯಿ ನೋಡವಾ.”

“ಅದು ಡೆಕೋರೇಶನ್, ಅತ್ತಿ.”

“ತಿನ್ನೋ ಹುಳಕ್ಕ ಡೆಕೋರೇಶನ್ ತಿಳಿಯೂದಿಲ್ಲ.”

ಎರಡು ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿದೆ. ಒಂದರಲ್ಲಿ ಕಾಯಿ ಹಾಕಿದೆ. ಇನ್ನೊಂದರಲ್ಲಿ ಸೊಸೆಯೇ ಚೀಲದ ತಳದಿಂದ ಜೋಳ ತೆಗೆದು ತುಂಬಿದಳು. ಬಾಯಿಗೆ ತೆಳು ಬಟ್ಟೆ ಕಟ್ಟಿದೆವು. ಯಾವುದರಲ್ಲಿ ಚಿಟ್ಟೆ ಎದ್ದಿತೋ ಅದು ಮನೆಯಿಂದ ಹೊರಗೆ ಎಂದು ಮಾತಾಯಿತು. ಆ ರವಿವಾರ ಹೋಯಿತು, ಮುಂದಿನದೂ ಹೋಯಿತು. ಚೀಲ ಇನ್ನೂ ಮೂಲೆಯಲ್ಲೇ ಇತ್ತು.

ಒಂದು ಸಂಜೆ ಸೊಸೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಬಾಟಲಿಯ ಮುಂದೆ ನಿಂತಳು. ಕಾಯಿಯ ಮೇಲೆ ತೆನೆ ಸೆರಗಿನ ಚಿಟ್ಟೆ ಕೂತಿತ್ತು.

“ನೋಡಿದ್ಯಾ? ತೆನಿ ಸೆರಗು ಇದ್ದದ್ದು ನಿಂದು,” ಎಂದು ಎದೆಯುಬ್ಬಿಸಿದೆ.

ಅವಳು ಜೋಳದ ಬಾಟಲಿ ಎತ್ತಿ ನನ್ನ ಕನ್ನಡಕದ ಮುಂದೆ ಹಿಡಿದಳು. ಬಟ್ಟೆಗೆ ಅಂಟಿಕೊಂಡು ಮಣ್ಣು ಬಣ್ಣದ್ದೊಂದು ಕೂತಿತ್ತು. ಕೆಳಗೆ ಕಾಳಿನ ಗಂಟೂ ಇತ್ತು.

“ಸೆರಗು ಇಲ್ಲದ್ದು ನಿಮ್ಮದು, ಅತ್ತಿ. ದೋನೋ ಚೋರ್.”

“ಮಾತಿನ ಪ್ರಕಾರ ಎರಡೂ ಹೊರಗ,” ಎಂದ ಮಗ.

“ನಾಳೆಯಿಂದ ರೊಟ್ಟಿ ಕೇಳಬ್ಯಾಡ,” ಎಂದೆ.

ಅವನು ತಲೆ ಕೆರೆದುಕೊಂಡ. ಸೊಸೆಗೆ ನಗು ತಡೆಯಲಾಗಲಿಲ್ಲ.

“ಜೋಳಕ್ಕ ಬಿಸಿಲು ಕೊಡೋಣ, ಅತ್ತಿ. ನನ್ನ ಕಾಯಿಗೂ. ಹುಳ ಹೋದ್ರ ವಾಪಸ್ ತರೋಣ.”

ಮರುದಿನ ಬೆಳಿಗ್ಗೆ ಟೆರೇಸಿನಲ್ಲಿ ಹಳೆ ಸೀರೆ ಹಾಸಿ ಜೋಳ ಹರವಿದೆ. ಅವಳ ಕಾಯಿಗಳನ್ನು ನೀರಿನ ಟಾಕಿಯ ಆಚೆ, ದೂರ ಇಟ್ಟೆ.