ದಾರಕ್ಕನ ಬಾವಿ ಮತ್ತು ಒಂಬತ್ತು ಗುಂಡಿಗಳು

ಮೇ ತಿಂಗಳ ಕೊನೆಗೆ ಹೆಮ್ಮಾಡಿಯ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಹೆದ್ದಾರಿ ಬದಿಯ ಹೊಸ ಕಲ್ಯಾಣ ಮಂಟಪ, ಎದುರಿಗೆ ಫೋಟೋ ತೆಗೆಸಿಕೊಳ್ಳಲೆಂದೇ ಬೆಳೆಸಿದ ಹುಲ್ಲು. ಮುಹೂರ್ತ ಮುಗಿಯುವ ಹೊತ್ತಿಗೆ ಮೊದಲ ಮಳೆ ಧೋ ಎಂದು ಸುರಿಯಿತು. ಎಲ್ಲರೂ ಒಳಗೆ ಓಡಿದರು. ನಾನು ಮಾತ್ರ ಜಗಲಿಯಲ್ಲಿ ನಿಂತುಕೊಂಡೆ. ಮಳೆಯ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳುತ್ತಿತ್ತು, ಛಟ್ ಛಟ್ ಛಟ್ ಅಂತ. ಬಗ್ಗಿ ನೋಡಿದರೆ ಹುಲ್ಲಿನ ಮಧ್ಯೆ ಸ್ಪ್ರಿಂಕ್ಲರು ಕತ್ತು ತಿರುಗಿಸುತ್ತಾ, ಆ ಮಳೆಯಲ್ಲಿ, ಬಹಳ ಶ್ರದ್ಧೆಯಿಂದ ನೀರು ಚಿಮುಕಿಸುತ್ತಿದೆ. ಕಾವಲಿನವನನ್ನು ಕರೆದು ತೋರಿಸಿದೆ. ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಅದ್ ಆಟೋಮ್ಯಾಟಿಕ್ ಮರಾಯ್ರೆ, ಅದ್ಕೆ ಮಳಿ ಬಂದದ್ದ್ ಹ್ಯಾಂಗ್ ಗೊತ್ತಾತ್ತ್?" ಎಂದ.

ನನಗೆ ನಗು ಬಂತು. ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ಒಂದು ಕಾಲದಲ್ಲಿ ನಾನೂ ಹೀಗೆಯೇ ಗಡಿಯಾರ ನೋಡಿಕೊಂಡು ನೀರಿನ ವ್ಯವಹಾರ ಮಾಡಿದವನು. ಅದೂ ಗಾಲ್ಫ್ ಮೈದಾನದಲ್ಲಿ.

ನೀವು ಹುಬ್ಬೇರಿಸುವುದು ಬೇಡ. ನಮ್ಮ ಕಡೆಯೂ ಒಂದು ಗಾಲ್ಫ್ ಮೈದಾನ ಇತ್ತು. ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ಬಸ್ರೂರು ಮೂಲದ ಸುಧಾಕರಣ್ಣ ಎಂಬವರು ಮುಂಬಯಿಯಲ್ಲಿ ಹೋಟೆಲು ನಡೆಸಿ ಗೆದ್ದವರು. ಯಾವುದೋ ಗಿರಾಕಿಯ ಜೊತೆ ಒಂದು ಸಲ ಗಾಲ್ಫ್ ನೋಡಲು ಹೋಗಿ ಮರುಳಾಗಿಬಿಟ್ಟರು. ಊರಿಗೆ ಬಂದವರೇ ಹಂಗಾರಕಟ್ಟೆಯ ಕಡೆ, ಹೊಳೆ ಸಮುದ್ರ ಸೇರುವ ಮುಂಚೆ ಮೈ ಚಾಚಿ ಮಲಗುವ ಜಾಗದಲ್ಲಿ, ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳನ್ನು ಕೊಂಡು ಒಂಬತ್ತು ಗುಂಡಿಯ ಮೈದಾನ ಮಾಡಲು ಹೊರಟರು. ಆಗ ನಾನು ಬ್ರಹ್ಮಾವರದ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ಟು ಮಾರುತ್ತಿದ್ದೆ. ಕೃಷಿ ಡಿಪ್ಲೊಮಾ ಬೇರೆ ಆಗಿತ್ತು. ಪಂಪು ಕೊಳ್ಳಲು ಬಂದ ಸುಧಾಕರಣ್ಣ ನನ್ನನ್ನೂ ಪಂಪಿನ ಜೊತೆ ಎತ್ತಿಕೊಂಡು ಹೋದರು. "ನೀರ್ ಹಾಕುಕೆ, ನೀರ್ ತೆಗುಕೆ, ಎರಡಕ್ಕೂ ನೀವೇ ಸಾಹೇಬ್ರ್" ಎಂದರು. ಅಲ್ಲಿಯವರೆಗೆ ನಾನು ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದಿರಲಿಲ್ಲ. ಹಿಡಿದ ಮೇಲೂ ಅದು ಕೋಳಿಮೊಟ್ಟೆಗಿಂತ ಹೆಚ್ಚೇನೂ ಅನ್ನಿಸಲಿಲ್ಲ.

ಗಾಲ್ಫ್ ಹುಲ್ಲಿಗೆ ನೀರು ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲು, ಅದಕ್ಕೆ ಗ್ರೀನ್ ಎನ್ನುತ್ತಾರೆ, ಅದಂತೂ ಹೊಸ ಅಳಿಯನ ಹಾಗೆ. ಎಲ್ಲದಕ್ಕೂ ಮುನಿಸು. ನಮ್ಮ ಕರಾವಳಿಯೋ ನಾಲ್ಕು ತಿಂಗಳು ನೀರಲ್ಲಿ ಮುಳುಗಿಸಿ, ನಾಲ್ಕು ತಿಂಗಳು ಒಣಗಿಸುವ ಊರು. ಮೊದಲ ಮಳೆಗಾಲದಲ್ಲೇ ಮೈದಾನ ಕೆರೆಯಾಯಿತು. ನೀರು ಹೊರಹೋಗಲು ನಾನು ಹೊಳೆಯ ಕಡೆಗೆ ಉದ್ದಕ್ಕೆ ದೊಡ್ಡ ಚರಂಡಿ ತೋಡಿಸಿದ್ದೆ. ಆದರೆ ಭರತ ಬಂದಾಗ, ಅಂದರೆ ಸಮುದ್ರ ಉಕ್ಕಿದಾಗ, ಹೊಳೆಯ ನೀರೇ ಅದೇ ಚರಂಡಿಯಲ್ಲಿ ಮೇಲೆ ಹತ್ತಿ ಬರುತ್ತಿತ್ತು. ಒಂದು ಬೆಳಿಗ್ಗೆ ಐದನೇ ಗುಂಡಿಯಲ್ಲಿ ಕೈ ಹಾಕಿದರೆ ಮೂರು ಚಟ್ಲಿ ಸಿಕ್ಕಿತು. ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತೇವೆ.

ಸರಿ, ಚರಂಡಿಯ ಬಾಯಿಗೆ ಮರದ ಬಾಗಿಲು ಕೂರಿಸಿದೆ. ಹೊಳೆ ಇಳಿದಾಗ ತೆರೆಯುವುದು, ಏರಿದಾಗ ಮುಚ್ಚುವುದು. ಒಂದು ದಿನ ಇಡೀ ದಂಡೆಯಲ್ಲಿ ಕುಳಿತು ಏರಿಳಿತದ ಹೊತ್ತು ಬರೆದುಕೊಂಡೆ. ಏಳು ಗಂಟೆಗೆ ತೆರೆ, ಒಂದು ಗಂಟೆಗೆ ಮುಚ್ಚು ಎಂದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕದ ಕಂಬಕ್ಕೆ ಅಂಟಿಸಿದೆ. ನನ್ನದು ದೇವಸ್ಥಾನದ ಊರು ನೋಡಿ. ಹುಟ್ಟಿದಾಗಿನಿಂದ ಇಂಥ ಹೊತ್ತಿಗೆ ಪೂಜೆ, ಇಂಥ ಹೊತ್ತಿಗೆ ನೈವೇದ್ಯ ಎಂದು ಗಂಟೆ ಕೇಳಿ ಬೆಳೆದವನು. ಇವತ್ತಿನ ಹೊತ್ತು ನಾಳೆಗೂ ಅದೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಎರಡು ದಿನ ಚೆನ್ನಾಗಿ ನಡೆಯಿತು. ಸುಧಾಕರಣ್ಣನಿಗೆ ಮುಂಬಯಿಗೆ ಫೋನು ಮಾಡಿ ಕೊಚ್ಚಿಕೊಂಡೂ ಆಯಿತು. ವಾರ ಕಳೆಯುವಷ್ಟರಲ್ಲಿ ಲೆಕ್ಕ ಪೂರ್ತಿ ಉಲ್ಟಾ ಆಗಿ, ಹೊಳೆ ತುಂಬಿದಾಗ ಬಾಗಿಲು ತೆರೆದಿರುವುದು, ಇಳಿದಾಗ ಮುಚ್ಚಿರುವುದು ಶುರುವಾಯಿತು. ಮೈದಾನದಲ್ಲಿ ಮೊಣಕಾಲು ನೀರು. ನಾನು ಕಂಬದ ಬುಡದಲ್ಲಿ ನಿಂತು ಚೀಟಿಯನ್ನೂ ಹೊಳೆಯನ್ನೂ ಸರದಿಯಲ್ಲಿ ನೋಡುತ್ತಿದ್ದಾಗ ಹಿಂದಿನಿಂದ ಯಾರೋ ಬಿದ್ದು ಬಿದ್ದು ನಗುವುದು ಕೇಳಿತು.

ಅವಳೇ ದಾರಕ್ಕ. ಐವತ್ತರ ಆಸುಪಾಸು, ತೆಳ್ಳನೆ ಮೈ, ದೊಡ್ಡ ಗಂಟಲು. ಗಂಡ ಬೋಟಿಗೆ ಹೋಗುವವನು. ಬೆಳಿಗ್ಗೆ ಬ್ರಹ್ಮಾವರದ ಪೇಟೆಯಲ್ಲಿ ಮೀನು ಮಾರಿ, ಮಧ್ಯಾಹ್ನದ ಮೇಲೆ ನಮ್ಮಲ್ಲಿ ಕಳೆ ಕೀಳಲು ಬರುತ್ತಿದ್ದಳು. ಮೈದಾನದ ಬೇಲಿ ದಾಟಿದರೆ ಅವಳ ಮನೆ, ಮನೆಯ ಎದುರಿಗೆ ಬಾವಿ. ಸುತ್ತಲಿನ ನಾಲ್ಕು ಮನೆಗಳಿಗೂ ಅದೇ ಬಾವಿ.

"ಹ್ವಾಯ್, ಹೊಳಿ ನಿಮ್ಮ ದೇವಸ್ಥಾನದ ಗಂಟಿ ಕೇಂಡ್ ಬತ್ತಿಲ್ಲೆ ಮರಾಯ್ರೆ!" ಎಂದಳು. "ಭರ್ತ ದಿನಾ ಮುಕ್ಕಾಲ್ ಗಂಟಿ ಹಿಂದ್ ಬೀಳ್ತ್. ಹುಣ್ಮಿ, ಅಮಾಸಿಗೆ ಜೋರ್. ಇದ್ ಸಣ್ಣ ಮಕ್ಳಿಗೂ ಗೊತ್ತಿತ್."

"ಮತ್ತೆ ಮೊದಲೇ ಹೇಳಬಾರದಿತ್ತಾ?"

"ನೀವ್ ಕಲ್ತವ್ರಲ್ದಾ? ಎಂತೋ ಹೊಸ ನಮೂನಿ ಲೆಕ್ಕ ಅಂದ್ಕಂಡೆ."

ಅವತ್ತಿನಿಂದ ಬಾಗಿಲಿನ ಅಧಿಕಾರ ದಾರಕ್ಕನದ್ದಾಯಿತು. ಅವಳಿಗೆ ಚೀಟಿ ಬೇಡ, ಗಡಿಯಾರ ಬೇಡ. ಪೇಟೆಯಲ್ಲಿ ಬಂಗುಡೆಯ ಚೌಕಾಸಿ ಮಾಡುತ್ತಿರುವಾಗಲೂ ಹೊಳೆ ಈಗ ಎಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತಿತ್ತು. ಅವಳಿಲ್ಲದ ಹೊತ್ತಿಗೆ ಮಗಳು ಬಂದು ಹಲಗೆ ಎತ್ತುತ್ತಿದ್ದಳು. ಮೈದಾನ ಒಣಗಿತು. ನಾನು ಕಂಬದಿಂದ ಚೀಟಿಯನ್ನು ಯಾರೂ ನೋಡದಾಗ ಕಿತ್ತು ಕಿಸೆಗೆ ಹಾಕಿಕೊಂಡೆ.

ನೀರು ತೆಗೆಯುವ ಕಥೆ ಹೀಗೆ ಮುಗಿಯಿತು. ನೀರು ಹಾಕುವ ಕಥೆ ಅಷ್ಟು ಚಂದದ್ದಲ್ಲ.

ಮರುವರ್ಷದ ಏಪ್ರಿಲಿನಲ್ಲಿ ಮೈದಾನದ ಉದ್ಘಾಟನೆ ಎಂದು ಸುಧಾಕರಣ್ಣ ನಿಗದಿ ಮಾಡಿದರು. ಮುಂಬಯಿಯಿಂದ ಸ್ನೇಹಿತರು ಬರುವವರು. ಅಷ್ಟರೊಳಗೆ ಒಂಬತ್ತೂ ಗುಂಡಿಯ ಸುತ್ತ ಹುಲ್ಲು ಹಸಿರಾಗಿರಬೇಕು. ಜನವರಿಯಿಂದ ಕೊಳವೆಬಾವಿಯ ಪಂಪು ಬೆಳಿಗ್ಗೆ ಸಂಜೆ ಓಡತೊಡಗಿತು. ನಮ್ಮ ಕಡೆ ಹೊಳೆ ಬದಿಯ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ಕುಳಿತಿರುತ್ತದೆ, ಗಂಜಿಯ ಮೇಲಿನ ತಿಳಿಯ ಹಾಗೆ. ಮೇಲಿನದನ್ನು ಎಳೆದಷ್ಟೂ ಅಡಿಯದು ಏರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು.

ಇಲ್ಲೊಂದು ವಿಷಯ ಹೇಳಬೇಕು. ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಆದರೆ ಈ ಭಾಗವನ್ನು ಯಾವಾಗಲೂ ಹಾರಿಸುತ್ತಿದ್ದೆ. ನನ್ನ ಹತ್ತಿರ ಪೆನ್ನಿನಂಥ ಒಂದು ಮೀಟರು ಇತ್ತು, ನೀರಿನ ಉಪ್ಪು ಅಳೆಯುವುದು. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ದಾರಕ್ಕ ಪೇಟೆಗೆ ಹೋಗಿದ್ದಾಗ, ಬೇಲಿ ದಾಟಿ ಹೋಗಿ ಅವಳ ಬಾವಿಯಿಂದ ಒಂದು ಕೊಡ ಸೇದಿ ಮೀಟರು ಅದ್ದಿದೆ. ಉಪ್ಪು ಬರತೊಡಗಿತ್ತು. ಬಾಯಿಗೆ ಇನ್ನೂ ಅಷ್ಟಾಗಿ ಗೊತ್ತಾಗದು, ಆದರೆ ಪಂಪು ಹೀಗೇ ಓಡಿದರೆ ಕುಡಿಯಲು ಆಗದ ಹಾಗಾಗುತ್ತದೆ ಎಂಬುದರಲ್ಲಿ ಅನುಮಾನ ಇರಲಿಲ್ಲ. ಮೀಟರನ್ನು ಒರೆಸಿ ಕಿಸೆಗೆ ಹಾಕಿಕೊಂಡು ವಾಪಸು ಬಂದೆ. ಪಂಪು ನಿಲ್ಲಿಸಲಿಲ್ಲ. ಉದ್ಘಾಟನೆ ಆಗಿಬಿಡಲಿ, ಆಮೇಲೆ ಮಳೆ ಬಂದರೆ ಸರಿಯಾಗುತ್ತದೆ ಎಂದುಕೊಂಡೆ. ಸುಧಾಕರಣ್ಣ ನನ್ನನ್ನು ಸಾಹೇಬರೇ ಎಂದು ಕರೆಯುತ್ತಿದ್ದರು, ಅದೂ ಒಂದು ಕಾರಣ ಇರಬೇಕು.

ಹೀಗೆ ಒಂದು ತಿಂಗಳು ಕಳೆಯಿತು. ಹುಲ್ಲು ಎಂಥ ಹಸಿರು ಅಂತೀರಿ!

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ದಾರಕ್ಕ ಕಳೆ ಕೀಳಲು ಬರುವಾಗ ಒಂದು ಸ್ಟೀಲಿನ ಲೋಟದಲ್ಲಿ ಚಹಾ ತಂದಳು. ಹಾಗೆ ಹಿಂದೆಂದೂ ತಂದವಳಲ್ಲ. "ಕುಡಿನಿ, ಬಿಸಿ ಇತ್" ಎಂದು ಕೈಗೆ ಕೊಟ್ಟು ಅಲ್ಲೇ ನಿಂತಳು. ಒಂದು ಗುಟುಕು ಕುಡಿದೆ. ಹಾಲು ಒಡೆದಿತ್ತು. ಸಕ್ಕರೆಯನ್ನೂ ಮೀರಿ ಉಪ್ಪು ನಾಲಿಗೆಗೆ ಹತ್ತಿತು. ನಾನು ತಲೆ ಎತ್ತಲಿಲ್ಲ. ಅವಳು ಬಯ್ಯಲಿಲ್ಲ, ಬಾವಿಯ ಹೆಸರೂ ಎತ್ತಲಿಲ್ಲ. ನಾನು ಲೋಟ ಖಾಲಿ ಮಾಡುವವರೆಗೆ ಕಾದು, ಅದನ್ನು ತೆಗೆದುಕೊಂಡು ಹೋಗಿ ಎಂದಿನಂತೆ ಕಳೆ ಕೀಳಲು ಕುಳಿತಳು. ಮರುದಿನವೂ ಚಹಾ ಬಂತು. ಮೂರನೆಯ ದಿನವೂ ಬಂತು. ಅದನ್ನು ಕುಡಿದು ಸೀದಾ ಶೆಡ್ಡಿಗೆ ಹೋಗಿ ಪಂಪು ನಿಲ್ಲಿಸಿದೆ. 

ವಾರದಲ್ಲಿ ಹುಲ್ಲು ಹಳದಿಯಾಯಿತು. ಸುದ್ದಿ ಹೋಗಿ ಸುಧಾಕರಣ್ಣ ಮುಂಬಯಿಯಿಂದ ಬಂದಿಳಿದರು. "ಅರೆ ಯಾರ್, ಎಂತ ಮಾಡಿ ಇಟ್ರಿ ಇದ್? ನಂಗೆ ಮರ್ಯಾದಿ ಬ್ಯಾಡ್ದಾ?" ಎಂದು ಮೈದಾನದ ನಡುವೆ ನಿಂತು ಕೂಗಾಡಿದರು. ಬಾವಿಯ ವಿಷಯ ಹೇಳಿದೆ. "ಹೊಳಿ ಬದಿ ಬಾವಿ ಬೇಸ್ಗಿಗೆ ಸ್ವಲ್ಪ ಉಪ್ಪ್ ಆಪ್ದೇ. ಅದ್ಕೆಲ್ಲ ಪಂಪ್ ನಿಲ್ಸುದಾ?" ಎಂದರು. ಒಂದು ಸಲ ಬಂದು ನೋಡಿ ಎಂದು ಕರೆದುಕೊಂಡು ಹೋದೆ.

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ದಾರಕ್ಕ ಧಣಿಗಳನ್ನು ಜಗಲಿಯಲ್ಲಿ ಕುಳ್ಳಿರಿಸಿ, ತಟ್ಟೆಯಲ್ಲಿ ಬೆಲ್ಲದ ಚೂರು, ಪಕ್ಕದಲ್ಲಿ ಒಂದು ತಂಬಿಗೆ ನೀರು ತಂದಿಟ್ಟಳು. ಸುಧಾಕರಣ್ಣ ಎಷ್ಟು ಮುಂಬಯಿಯವರಾದರೂ ಬಸ್ರೂರಿನವರೇ. ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ, ಕೊಟ್ಟವರ ಎದುರು ಉಗಿಯುವ ಹಾಗೂ ಇಲ್ಲ. ಬೆಲ್ಲ ಕಚ್ಚಿದರು, ತಂಬಿಗೆ ಎತ್ತಿದರು. ಮುಖ ಒಂದು ಕ್ಷಣ ಹಿಂಡಿಕೊಂಡಿತು. ಆಮೇಲೆ ಗಟಗಟನೆ ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟರು.

"ಕುಡುಕೆ ನೀರ್ ಎಲ್ಲಿಂದ ತತ್ರಿ ಈಗ?" ಎಂದು ಸಣ್ಣ ಸ್ವರದಲ್ಲಿ ಕೇಳಿದರು.

"ರಸ್ತಿ ಆಚೆ ಎತ್ತರದ ಮಕ್ಕಿಗದ್ದಿ ಬದಿ ಬಾವಿಂದ. ನಾನ್ ಎರಡ್ ಕೊಡ, ಮಗಳ್ ಎರಡ್ ಕೊಡ."

ಸುಧಾಕರಣ್ಣ ಎದ್ದು ಬೇಲಿಯವರೆಗೆ ನಡೆದರು. ಬೇಲಿ ದಾಟಿದ ಮೇಲೆ "ಎರಡ್ ಗುಂಡಿ ಸಾಕ್. ಅಷ್ಟಕ್ಕೆ ಬೇರೆಲ್ಲಿಂದಾರೂ ಟ್ಯಾಂಕರ್ ತರ್ಸಿ" ಎಂದರು. ಉದ್ಘಾಟನೆಯ ದಿನ ಮುಂಬಯಿಯ ಸ್ನೇಹಿತರು ಎರಡು ಹಸಿರು ತುಂಡುಗಳ ನಡುವೆ ಹೋಗಿ ಬಂದು, ಹೋಗಿ ಬಂದು ಆಡಿದರು. ಉಳಿದ ಏಳು ಗುಂಡಿಗಳ ಹತ್ತಿರ ಯಾರದೋ ದನ ಮೇಯುತ್ತಿತ್ತು. ಊಟಕ್ಕೆ ಕಾಣೆ ಮೀನಿನ ಫ್ರೈ ಇದ್ದದ್ದರಿಂದ ಯಾರೂ ದೂರಲಿಲ್ಲ.

ಆಮೇಲಿನ ಉಪಾಯ ದಾರಕ್ಕನದ್ದೇ. ಮಳೆಗಾಲ ಮುಗಿಯುವ ಹೊತ್ತಿಗೆ ಚರಂಡಿಯ ಬಾಯಿಗೆ ಎರಡು ಸಾಲು ಹಲಗೆ ನಿಲ್ಲಿಸಿ, ನಡುವೆ ಜೇಡಿಮಣ್ಣು ತುಳಿದು ತುಂಬಿ ಕಟ್ಟ ಹಾಕಿಸಿದಳು. ಹಿಂದೆ ಆ ಗದ್ದೆಗಳಿಗೆ ಹಾಗೆಯೇ ಕಟ್ಟ ಹಾಕುತ್ತಿದ್ದರಂತೆ. ನೀರು ಓಡಿಸಲು ತೋಡಿದ ಚರಂಡಿಯೇ ಉದ್ದನೆಯ ಕೆರೆಯಾಗಿ ಫೆಬ್ರವರಿಯವರೆಗೆ ಸಿಹಿನೀರು ನಿಂತಿತು. ಹುಲ್ಲಿಗೂ ಆಯಿತು, ನೆಲಕ್ಕೂ ಇಂಗಿತು. ಎರಡು ಮಳೆಗಾಲ ಕಳೆದ ಮೇಲೆ ಬಾವಿಯ ನೀರಿನಲ್ಲಿ ಮತ್ತೆ ಅನ್ನ ಬೇಯತೊಡಗಿತು. ಗಾಲ್ಫ್ ಮಾತ್ರ ಹೆಚ್ಚು ವರ್ಷ ಬಾಳಲಿಲ್ಲ. ಆಡುವವರು ಬೇಕಲ್ಲ! ನಾನು ಮತ್ತೆ ಪಂಪ್‌ಸೆಟ್ಟಿಗೆ ಮರಳಿದೆ. ಆದರೂ ನಾಲ್ಕು ಜನ ಸೇರಿದಲ್ಲಿ, ಒಂದು ಬಾವಿಗಾಗಿ ಧಣಿಗಳ ಹುಲ್ಲು ಒಣಗಿಸಿದವನು ನಾನು ಎಂದು ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದೆ.

ಮದುವೆ ಮುಗಿಸಿ ಬಂದ ಮರುದಿನ ಸ್ಕೂಟರು ಹತ್ತಿ ದಾರಕ್ಕನ ಮನೆಗೆ ಹೋದೆ. ಈಗ ಮೀನು ಹೊರುವುದು ಬಿಟ್ಟಿದ್ದಾಳೆ. ಗಂಟಲು ಮಾತ್ರ ಹಾಗೆಯೇ ಇದೆ. ಅದೂ ಇದೂ ಮಾತಾಡಿ, ಕೊನೆಗೆ ಹೇಳಿಯೇಬಿಟ್ಟೆ. "ದಾರಕ್ಕ, ನೀನು ಚಹಾ ತರುವುದಕ್ಕೆ ಒಂದು ತಿಂಗಳು ಮುಂಚೆಯೇ ಬಾವಿಗೆ ಉಪ್ಪು ಬಂದದ್ದು ನನಗೆ ಗೊತ್ತಿತ್ತು. ನೀನಿಲ್ಲದಾಗ ಬಂದು ಪರೀಕ್ಷೆ ಮಾಡಿದ್ದೆ."

ಅವಳು ಮೀನಿನ ಬಲೆ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್. ಕೊಡಪಾನ ನಾನ್ ಕವ್ಚಿ ಹಾಕಿ ಹೋಪ್ದ್. ಅವತ್ತ್ ನೆಟ್ಟಗೆ ನಿಂತಿತ್. ನಿಮ್ಮ ಚಪ್ಲಿ ಗುರ್ತ್ ಬೇಲಿವರಿಗೂ ಇದ್ದಿತ್."

"ಮತ್ತೆ ಅವತ್ತೇ ಬಂದು ಬಯ್ಯಲಿಲ್ಲ ಯಾಕೆ?"

"ನೀವೇ ಬಂದ್ ಹೇಳ್ತ್ರಿ ಅಂದ್ಕಂಡಿದ್ದೆ" ಎಂದಳು. "ಒಂದ್ ತಿಂಗ್ಳ್ ಕಾದೆ."

ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೋಪದಿಂದ ಹೇಳಲಿಲ್ಲ, ಬಸ್ಸಿಗೆ ಕಾದೆ ಅಂದ ಹಾಗೆ ಹೇಳಿದಳು. ಆ ಒಂದು ತಿಂಗಳು ದಿನಾ ಮಧ್ಯಾಹ್ನ ನನ್ನ ಕಣ್ಣೆದುರೇ ಕುಳಿತು ಕಳೆ ಕೀಳುತ್ತಿದ್ದವಳು, ನನ್ನ ಬಾಯಿ ನೋಡುತ್ತಿದ್ದಳು ಎಂಬುದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಸ್ಕೂಟರಿನ ಕೀ ತೆಗೆದುಕೊಂಡು ಎದ್ದೆ. ಅವಳು "ಊಟ ಮಾಡ್ಕಂಡ್ ಹೋಯ್ನಿ, ಬೂತಾಯಿ ಮೀನ್ ಇತ್" ಎಂದಳು. ಉಂಡು ಬಂದೆ. ಇನ್ನು ಮುಂದೆ ಈ ಕಥೆ ಯಾರಿಗೆ ಹೇಳುವುದಿದ್ದರೂ ಆ ತಿಂಗಳನ್ನು ಬಿಡದೆ ಹೇಳುತ್ತೇನೆ. ಹಾಗೆ ಪೂರ್ತಿ ಕೇಳಿದವರಲ್ಲಿ ನೀವೇ ಮೊದಲಿಗರು.