ಹಲ್ಲಿನ ಹಾಗೆ ಕಂಡ ಎಮ್

ಊರಿಗೆಲ್ಲ ಲೋಗೋ ಮಾಡಿಕೊಡುವ ನನಗೆ ನನ್ನದೇ ಲೋಗೋ ಮಾಡಲಿಕ್ಕೆ ಆಗುತ್ತಿರಲಿಲ್ಲ. ಇವತ್ತು ಚಂದ ಕಂಡದ್ದು ಮರುದಿನ ಬೆಳಿಗ್ಗೆ ಕೆಟ್ಟದಾಗಿ ಕಾಣುತ್ತಿತ್ತು. ಕೊನೆಗೆ ನನ್ನ ಹೆಸರಿನ ಮೊದಲಕ್ಷರ ಎಮ್ ಅನ್ನು ದುಂಡಗೆ ಮಾಡಿ, ಬಿಳಿ ಬಣ್ಣ ಕೊಟ್ಟು, ಫಳ್ನೀರು ರಸ್ತೆಯ ನನ್ನ ಆಫೀಸಿನ ಗಾಜಿನ ಬಾಗಿಲಿಗೆ ಅಂಟಿಸಿದೆ. ಮತ್ತೆ ಅದು ಸರಿ ಉಂಟಾ ಎಂದು ಹೊರಗೆ ಹೋಗಿ ಹೋಗಿ ನೋಡುವುದೇ ಕೆಲಸವಾಯಿತು.

ಹಾಗೆ ನೋಡಿ ಒಳಗೆ ಬಂದು ಕೂತದ್ದಷ್ಟೆ, ವಯಸ್ಸಾದ ಹೆಂಗಸೊಬ್ಬರು ಬಾಗಿಲು ತಳ್ಳಿ ಬಂದು, ಸೀದಾ ನನ್ನೆದುರು ಕೂತು ಬಾಯಿ ತೆರೆದರು. ಕೆನ್ನೆ ಊದಿತ್ತು.

“ಎಂತ ಆಯ್ತು ಆಂಟಿ?”

“ಎಂತ ಅಂತ ನೀವೇ ನೋಡ್ಬೇಕು ಡಾಕ್ಟ್ರೇ. ನೋವು ತಡೀಲಿಕ್ಕೆ ಆಗುದಿಲ್ಲ.”

“ನಾನು ಡಾಕ್ಟ್ರಲ್ಲ ಆಂಟಿ, ಡಿಸೈನರ್.”

“ಮತ್ತೆ ಬಾಗಿಲಲ್ಲಿ ಅಷ್ಟು ದೊಡ್ಡ ಹಲ್ಲು ಉಂಟಲ್ಲ!”

ಅವರ ಕಣ್ಣಲ್ಲಿ ನೀರಿತ್ತು. ಕೈಹಿಡಿದು ಪಕ್ಕದ ಕಟ್ಟಡದ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಕಾಯುವಾಗಲೂ ಕೂರಲಾಗದೆ, ಆ ಎಮ್ ಅನ್ನು ಇನ್ನು ಹೇಗೆ ತಿದ್ದುವುದಪ್ಪ ಎಂದು ಅತ್ತಿತ್ತ ನಡೆಯುತ್ತಿದ್ದೆ.

ಹಲ್ಲು ಕಿತ್ತಾದ ಮೇಲೆ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಆಂಟಿ ನಡೆದದ್ದನ್ನೆಲ್ಲ ವೈದ್ಯೆಗೆ ಹೇಳಿದರು. ಸಂಜೆ ವೈದ್ಯೆ ನನ್ನ ಬಾಗಿಲಿನ ಮುಂದೆ ಬಂದು ನಿಂತರು.

“ಇಷ್ಟು ಚಂದದ ಹಲ್ಲು ನಾನೇ ನೋಡಿಲ್ಲ ಮಾರಾಯ್ರೆ. ನನ್ನ ಕ್ಲಿನಿಕ್ಕಿಗೆ ಕೊಡ್ತೀರಾ?”

ಕೊಟ್ಟುಬಿಟ್ಟೆ. ಈಗ ನನ್ನ ಬಾಗಿಲು ಖಾಲಿ. ಆಫೀಸು ಎಲ್ಲಿ ಎಂದು ಫೋನಿನಲ್ಲಿ ಕೇಳುವವರಿಗೆ, ದೊಡ್ಡ ಬಿಳಿ ಹಲ್ಲಿನ ಬೋರ್ಡಿನ ಪಕ್ಕ ಎನ್ನುತ್ತೇನೆ. ಯಾರೂ ದಾರಿ ತಪ್ಪಿಲ್ಲ.