ತಿರುಗಿ ಬಾರದವರ ಲೆಕ್ಕ

ಕನ್ನೊಳ್ಳಿಯ ಯಾಕೂಬಸಾಬ ಪಿಂಜಾರರ ಕುರಿತು ನಾನು ಮೊದಲು ಬರೆದ ವರದಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿದ್ದು ವರದಿಯೇ. ಅದನ್ನು ಅವರ ಊರಿನಲ್ಲಿ, ಅವರ ಎದುರಿಗೇ ಗಟ್ಟಿಯಾಗಿ ಓದಿದವನೂ ನಾನೇ.

ಅದು ೧೯೬೦ನೆಯ ಇಸವಿ. ನಾನು ಮುದ್ದೇಬಿಹಾಳದ ಕಡೆಯವನು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ ಸಿಂದಗಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾಗಿ ಎರಡು ವರ್ಷ ಆಗಿತ್ತು. ಬೆನ್ನು, ಕೀಲು, ಸ್ನಾಯುಗಳ ನೋವಿಗೆ ಹಳ್ಳಿಯ ಜನ ಯಾರ ಬಳಿ ಹೋಗುತ್ತಾರೆ, ಹೋದವರಲ್ಲಿ ಎಷ್ಟು ಮಂದಿಗೆ ಗುಣವಾಗುತ್ತದೆ ಎಂದು ತಿಳಿಯಲು ಪುಣೆಯ ಒಂದು ಸಂಘದವರು ಅಲ್ಲಲ್ಲಿ ಮಾಸ್ತರರನ್ನು ಹಿಡಿದು ಕೆಲಸ ಒಪ್ಪಿಸಿದ್ದರು. ನನ್ನ ಪಾಲಿಗೆ ಬಂದವರು ಯಾಕೂಬಸಾಬರು.

ಅರವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಆಳು. ವಾರವೆಲ್ಲ ಅರಳೆ ಹಿಂಜಿ ಗಾದಿ ತುಂಬುವ ಕೆಲಸ. ಗುರುವಾರ ಮುಂಜಾನೆ ಮಾತ್ರ ಹಿಂಜುವ ಬಿಲ್ಲನ್ನು ಗೋಡೆಗೆ ನಿಲ್ಲಿಸಿ, ಪಡಸಾಲೆಯಲ್ಲಿ ಕಂಬಳಿ ಹಾಸುತ್ತಿದ್ದರು. ಟೊಂಕ ಹಿಡಿದವರು, ಬೆನ್ನು ಉಳುಕಿದವರು ಬೋರಲು ಮಲಗಬೇಕು. ಅವರು ಬೆಚ್ಚಗಿನ ಕುಸುಬೆ ಎಣ್ಣೆ ಹಚ್ಚಿ, ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳನ್ನು ಮೇಲಿನಿಂದ ಕೆಳಗೆ ಒಯ್ಯುತ್ತಿದ್ದರು. ಒಂದು ಕಡೆ ಬೆರಳು ನಿಲ್ಲುತ್ತಿತ್ತು. ಆಗ ಮಲಗಿದವನನ್ನು ಮಗ್ಗುಲಿಗೆ ಹೊರಳಿಸಿ, ಮೊಳಕಾಲು ಮಡಿಸಿ, ಮಾತಾಡಿಸುತ್ತಲೇ ಒಮ್ಮೆಲೇ ತಿರುವುತ್ತಿದ್ದರು. ಟಕ್ ಎಂಬ ಸದ್ದು ಹೊರಗೆ ಕುಳಿತವರಿಗೂ ಕೇಳುತ್ತಿತ್ತು. ಜ್ವರ ಇದ್ದವರನ್ನೂ, ಕಾಲು ಜೋಮು ಹಿಡಿದವರನ್ನೂ ಮುಟ್ಟುತ್ತಿರಲಿಲ್ಲ. "ಇದು ನನ್ನ ಕೈಯಾಗಿನ ಮಾತಲ್ಲಪಾ, ಬಿಜಾಪುರದ ದೊಡ್ಡ ದವಾಖಾನಿಗೆ ಹೋಗ್ರಿ" ಎಂದು ಕಳಿಸುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎಣ್ಣೆ ಮಾತ್ರ ಬಂದವರೇ ತರಬೇಕು.

ನಾನು ಬಾಗಿಲ ಬಳಿ ಬೆಂಚು ಹಾಕಿಕೊಂಡು ಕೂಡುತ್ತಿದ್ದೆ. ಬಂದವರನ್ನು ನೆಟ್ಟಗೆ ನಿಲ್ಲಿಸಿ, ಮೊಳಕಾಲು ಮಡಿಸದೆ ಮುಂದಕ್ಕೆ ಬಾಗಿಸಿ, ಬೆರಳ ತುದಿಗೂ ನೆಲಕ್ಕೂ ಎಷ್ಟು ಇಂಚು ಅಂತರ ಉಳಿಯುತ್ತದೆ ಎಂದು ಪಟ್ಟಿಯಿಂದ ಅಳೆಯುತ್ತಿದ್ದೆ. ರಿಜಿಸ್ಟರಿನಲ್ಲಿ ಹೆಸರು, ಊರು, ಮೊದಲ ಅಳತೆ ಬರೆದು, ಮುಂದೆ ಒಂದು ಅಂಕಣ ಬಿಡುತ್ತಿದ್ದೆ: ತಿರುಗಿ ಬಂದ ದಿನದ ಅಳತೆ. "ಮತ್ತೆ ಬರ್ರಿ, ಅಳೀತೇನಿ" ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅವರು ಒಮ್ಮೆ ನನ್ನ ಮುಖ ನೋಡಿ, ಮಾತಾಡದೆ ಎದ್ದು ಹೋಗುತ್ತಿದ್ದರು. ಹಳ್ಳಿಯವರ ನಾಚಿಕೆ ಎಂದುಕೊಂಡೆ.

ಹದಿಮೂರು ಗುರುವಾರಗಳಲ್ಲಿ ಎಂಬತ್ನಾಲ್ಕು ಜನ ಬಂದರು. ತಿರುಗಿ ಬಂದವರು ಇಪ್ಪತ್ಮೂರು. ಆ ಇಪ್ಪತ್ಮೂರರಲ್ಲಿ ಒಬ್ಬರ ಅಳತೆಯೂ ಸುಧಾರಿಸಿರಲಿಲ್ಲ. ಉಳಿದ ಅರವತ್ತೊಂದು ಜನರ ಮುಂದೆ 'ಮಾಹಿತಿ ಇಲ್ಲ' ಎಂದು ಬರೆದು, ಕೊನೆಗೆ ಈ ವಾಕ್ಯ ಸೇರಿಸಿದೆ: 'ಮತ್ತೆ ಪರೀಕ್ಷಿಸಲು ಸಾಧ್ಯವಾದವರಲ್ಲಿ ಒಬ್ಬರಿಗೂ ಗುಣ ಕಂಡುಬಂದಿಲ್ಲ.'

ವರದಿಯನ್ನು ಊರವರಿಗೂ ಓದಿ ಹೇಳಬೇಕೆಂಬುದು ಸಂಘದ ನಿಯಮ. ಜೂನ್ ತಿಂಗಳಲ್ಲಿ ಚಾವಡಿಯಲ್ಲಿ ಜನ ಸೇರಿದರು. ಯಾಕೂಬಸಾಬರು ಒಗೆದ ರುಮಾಲು ಸುತ್ತಿಕೊಂಡು ಬಂದು ಕಂಬದ ಹತ್ತಿರ ಕುಳಿತರು. ನಾನು ಆ ಕೊನೆಯ ವಾಕ್ಯ ಓದಿ ಕಾಗದ ಮಡಿಸಿದೆ. ಆಮೇಲೆ ಸಿಂದಗಿ ಪೇಟೆಯಲ್ಲಿ ಹಮಾಲಿ ಮಾಡುವ ಮಲ್ಲಣ್ಣ ಎನ್ನುವವನು ಹಿಂದಿನಿಂದ ಕೂಗಿದ:

"ಯಾಕೂಬಕಾಕಾ, ಇನ್ನ ಮ್ಯಾಲ ಅರಳಿ ಅಷ್ಟ ಹಿಂಜು, ಮಂದೀನ ಹಿಂಜಬ್ಯಾಡ!"

ಚಾವಡಿ ತುಂಬ ನಗೆ. ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯದಿದ್ದರೆ ಈ ಬರಹವೂ ಮೊದಲಿನದರಂತೆಯೇ ಆಗುತ್ತದೆ.

ಯಾಕೂಬಸಾಬರು ಎದ್ದು ನಿಂತರು. "ಒಬ್ಬರಿಗೂ ಇಲ್ಲೇನ್ರೀ ಮಾಸ್ತರ?"

"ಹೊಳ್ಳಿ ಬಂದವರೊಳಗ ಒಬ್ಬರಿಗೂ ಇಲ್ರಿ."

ಅವರು ತಲೆಯಾಡಿಸಿದರು. "ನನ್ನ ಲೆಕ್ಕಾನೂ ಅಷ್ಟ ಐತ್ರಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದರು. ತಪ್ಪೊಪ್ಪಿಕೊಂಡರು ಎಂದು ನಾನು ತಿಳಿದೆ.

ಮೂರು ವಾರದ ಮೇಲೆ, ಬಿಟ್ಟುಬಂದಿದ್ದ ಬೆಂಚು ತರಲು ಮತ್ತೆ ಕನ್ನೊಳ್ಳಿಗೆ ಹೋದೆ. ಗುರುವಾರವೇ ಇತ್ತು. ಬಾಗಿಲು ಮುಚ್ಚಿತ್ತು. ಹೊರಗೆ ಬೇವಿನ ಗಿಡದ ಬುಡಕ್ಕೆ ನಾಲ್ಕು ಜನ ಸೊಂಟಕ್ಕೆ ಕೈ ಕೊಟ್ಟು ಕುಳಿತಿದ್ದರು. ಯಾಕೂಬಸಾಬರ ಹೆಂಡತಿ ಸಗೀರಾ ಬೆಂಚನ್ನು ತಾವೇ ಎಳೆದು ಹೊರಗಿಟ್ಟರು.

"ತಗೋರಿ ಮಾಸ್ತರ. ಕುಂತವರನ್ನೂ ಎಣಸ್ಕೊಂಡ ಹೋಗ್ರಿ. ಇವರಿಗೂ ಸೊನ್ನಿ ಬರೀರಿ."

"ಕಾಕಾ ಎಲ್ಲಿ ಅದಾರ್ರಿ?"

"ಒಳಗ ಅದಾರ. ಇನ್ನ ಯಾರ ಬೆನ್ನೂ ಮುಟ್ಟೂದಿಲ್ಲ ಅಂತಾರ. ಗಾದಿ ಮಾರಾಕ ಸಂತಿಗೂ ಹೋಗವಲ್ಲರು."

ನಾನು ವಿಜ್ಞಾನದ ಮಾತು ಶುರು ಮಾಡಿದೆ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಕಂಡದ್ದನ್ನು ಬರೆದೆ, ಅರವತ್ತೊಂದು ಜನ ತಿರುಗಿ ಬರಲೇ ಇಲ್ಲ ಎಂದೆ.

ಸಗೀರಾ ನನ್ನನ್ನೇ ನೋಡಿದರು. "ಆರಾಮಾದವರು ಈ ಬಾಗಲಿಗೆ ಯಾಕ ಬರ್ತಾರ್ರಿ?"

"ಅಂದ್ರ?"

"ಯಾ ಊರಾಗ ಹುಟ್ಟೀರಿ ನೀವು? ಬೆನ್ನು ನೆಟ್ಟಗಾತಂದ್ರ ಹೊಳ್ಳಿ ಬರಬಾರದು, ಆರಾಮಾತು ಅಂತ ಬಾಯಿ ಬಿಟ್ಟು ಅನಬಾರದು. ಅಂದ್ರ ನೋವು ತಿರಗಿ ಬಂದು ಕೂಡ್ತೈತಿ. ಎದುರಿಗೆ ಸಿಕ್ಕರೂ ಮಾರಿ ತಿರುವಿಕೊಂಡ ಹೋಗಬೇಕು. ಸಣ್ಣ ಕೂಸಿಗೂ ಗೊತ್ತೈತಿ. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ."

ಹದಿಮೂರು ಗುರುವಾರ ಆ ಬಾಗಿಲಲ್ಲಿ ಕುಳಿತು, ಗುಣವಾಗದವರನ್ನು ಮಾತ್ರ ಎಣಿಸಿದ್ದೆ. ಕೆಲಸ ಕೆಟ್ಟಿದ್ದು ಅಳತೆಯ ಪಟ್ಟಿಯಲ್ಲಲ್ಲ. ಅವರೇಕೆ ಬರುವುದಿಲ್ಲ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

"ಹಂಗಾದ್ರ ಕಾಕಾ ಚಾವಡ್ಯಾಗ ಇದನ್ನ ಯಾಕ ಹೇಳಲಿಲ್ರಿ?"

ಅವರ ದನಿ ಇಳಿಯಿತು. "ಮೂವತ್ತೆರಡು ವರ್ಷ ಆತ್ರಿ. ಆರಾಮಾತು ಅನ್ನೂ ಮಾತು ಒಬ್ಬರ ಬಾಯಾಗೂ ಕೇಳಿಲ್ಲ ಅವರು. ಆಗದವರು ಅಷ್ಟ ಬರ್ತಾರ, ಬೈತಾರ, ಹೋಗ್ತಾರ. ಸಂತ್ಯಾಗ ಮಾರಿ ತಿರುವಿದವರು ಆರಾಮಾಗಿ ತಿರುವ್ಯಾರೋ, ಸಿಟ್ಟಿಗೆ ತಿರುವ್ಯಾರೋ, ಅವರಿಗೆ ಹೆಂಗ ತಿಳೀಬೇಕು? ನನ್ನ ಕೈಯಾಗ ಏನರೆ ಐತೋ ಇಲ್ಲೋ ಅಂತ ರಾತ್ರಿ ಎಷ್ಟು ಸರತೆ ಕೇಳ್ಯಾರ ನನ್ನ. ನೀವು ಕಲ್ತವರು ಬಂದು ಇಲ್ಲ ಅಂದ್ರಿ. ನಂಬಿಬಿಟ್ರು."

'ನನ್ನ ಲೆಕ್ಕಾನೂ ಅಷ್ಟ ಐತ್ರಿ' ಎಂದು ಯಾಕೂಬಸಾಬರು ಅಂದದ್ದರ ಅರ್ಥ ಆಗ ತಿಳಿಯಿತು. ಒಳಗಿನ ಕೋಣೆಯಲ್ಲಿ ಅವರು ಕೆಮ್ಮಿದರು. ನಾನು ಬೆಂಚನ್ನು ಅಲ್ಲೇ ಬಿಟ್ಟು ಬಂದೆ.

ಆ ಮಳೆಗಾಲದ ರಜಾದಿನಗಳಲ್ಲಿ ರಿಜಿಸ್ಟರು ಹಿಡಿದು ಸೈಕಲ್ ಮೇಲೆ ಹೊರಟೆ. ಅರವತ್ತೊಂದು ಹೆಸರು, ಹತ್ತೊಂಬತ್ತು ಊರು. ಎರೆಮಣ್ಣು ಗಾಲಿಗೆ ಮೆತ್ತಿ ಅರ್ಧ ದಾರಿ ಸೈಕಲ್ಲನ್ನೇ ಹೊತ್ತದ್ದೂ ಉಂಟು. ಯಂಕಂಚಿಯ ಸೋಮನಿಂಗ ಎಂಬ ರೈತನ ಮೊದಲ ಅಳತೆ ಹದಿನಾಲ್ಕು ಇಂಚು. "ಈಗ ಹೆಂಗೈತಿ?" ಎಂದು ಕೇಳಿದೆ. ಅವನು ಕೇಳಿಸದವನಂತೆ ಒಳಗೆ ಹೋಗಿ, ಜೋಳದ ಚೀಲ ಹೆಗಲಿಗೇರಿಸಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿ ಇಳಿಸಿದ.

"ಬರ್ಕೋರಿ" ಎಂದ. "ನಾ ಏನೂ ಅಂದಿಲ್ಲ ಮತ್ತ!"

ಹೆಚ್ಚಿನವರು ಹೀಗೆಯೇ. ಯಾರೂ ಹೇಳಲಿಲ್ಲ, ಎಲ್ಲರೂ ತೋರಿಸಿದರು. ಒಬ್ಬಾಕೆ ತುಂಬಿದ ಕೊಡ ಎತ್ತಿದಳು, ಒಬ್ಬ ಗಾಡಿಯ ನೊಗ ಎತ್ತಿದ. ಪಟ್ಟಿ ಹಿಡಿದರೆ ಸುಮ್ಮನೆ ಬಾಗಿ ನಿಲ್ಲುತ್ತಿದ್ದರು.

ಹದಿನೇಳನೆಯ ಹೆಸರಿನವನ ಮನೆ ಕನ್ನೊಳ್ಳಿಯಲ್ಲೇ ಇತ್ತು. ಹೋಗಿ ನೋಡಿದರೆ ಚಾವಡಿಯಲ್ಲಿ ಕೂಗಿದ ಮಲ್ಲಣ್ಣ. ಅವನ ಅಳತೆ ಬರೆದುಕೊಂಡಿದ್ದೆ, ಮುಖ ನೆನಪಿಟ್ಟಿರಲಿಲ್ಲ. ನನ್ನನ್ನು ಕಂಡು ಅವನ ಮುಖ ಇಳಿಯಿತು.

"ನಾನೂ ಅಲ್ಲೇ ಇದ್ನಲ್ರಿ" ಎಂದ. "ಹಾಂಗಲ್ಲ ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ಅಂದ್ರ ಟೊಂಕ ಹೋದೀತು, ಟೊಂಕ ಹೋದ್ರ ಹಮಾಲಿ ಹೋತು. ಸುಮ್ಮನರೆ ಕೂಡಬೇಕಿತ್ತು. ಚಾಷ್ಟಿ ಮಾಡಿಬಿಟ್ಟೆ. ನನ್ನ ಹೇಣ್ತಿ ಎಂಟು ದಿನ ನನ್ನ ಕೂಡ ಮಾತಾಡಲಿಲ್ಲ."

ನನಗೆ ಅವನ ಮುಖ ನೋಡಲಾಗಲಿಲ್ಲ. ಇಬ್ಬರೂ ಅವನ ಮನೆಯ ಮುಂದಿನ ಕೋಳಿಗಳನ್ನು ನೋಡುತ್ತ ನಿಂತೆವು.

ಅರವತ್ತೊಂದರಲ್ಲಿ ಐವತ್ನಾಲ್ಕು ಜನ ಸಿಕ್ಕರು. ನಲವತ್ತಾರು ಜನ ಮೊದಲಿನಂತೆ ದುಡಿಯುತ್ತಿದ್ದರು. ಎಂಟು ಜನರಿಗೆ ಏನೂ ಆಗಿರಲಿಲ್ಲ. ಬೇಸತ್ತು ಬರುವುದನ್ನೇ ಬಿಟ್ಟಿದ್ದರು. ನಲವತ್ತಾರರಲ್ಲಿ ಎಷ್ಟು ಮಂದಿ ಯಾರೂ ಮುಟ್ಟದಿದ್ದರೂ ತಾವಾಗಿ ನೆಟ್ಟಗಾಗುತ್ತಿದ್ದರೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯಲು ಬೇರೆಯೇ ಪ್ರಯೋಗ ಬೇಕು. ಆದರೆ ನಲವತ್ತಾರು ಸೊನ್ನೆಯಲ್ಲ. ಇದನ್ನೆಲ್ಲ ಬರೆದು ಪುಣೆಗೆ ಎರಡು ಕಾಗದ ಹಾಕಿದೆ. ಉತ್ತರ ಬರಲಿಲ್ಲ.

ಪುಣೆಗಿಂತ ಮೊದಲು ತಿಳಿಸಬೇಕಾದವರು ಕನ್ನೊಳ್ಳಿಯಲ್ಲಿದ್ದರು. ಬಾಗಿಲಲ್ಲಿ ನಿಂತು ರಿಜಿಸ್ಟರು ತೆರೆದೆ. ಯಾಕೂಬಸಾಬರು ಒಳಗಿನಿಂದಲೇ ಕೈ ಅಡ್ಡ ಮಾಡಿದರು. "ಓದಬ್ಯಾಡ್ರಿ. ಅವರು ಅನಬಾರದು, ನಾ ಕೇಳಬಾರದು. ಒಮ್ಮೆ ಓದೀರಿ, ಸಾಕಾತು."

ಹಿಂದಿನಿಂದ ಬಂದ ಸಗೀರಾ ನನಗಷ್ಟೇ ಕೇಳುವಂತೆ ಹೇಳಿದರು: "ಸಂತಿ ದಿನ ಇವರನ್ನ ಎರಡು ಗಾದಿ ಕೊಟ್ಟು ಸಿಂದಗಿಗೆ ಕಳಸ್ತೇನಿ. ಓದೂದು ಬಿಡ್ರಿ, ತೋರಸ್ರಿ."

ಹೇಗೆ ಗಂಡನ ಮನವೊಲಿಸಿದರೋ, ಸಂತೆಯ ದಿನ ಯಾಕೂಬಸಾಬರು ಸಿಂದಗಿಗೆ ಬಂದರು. ಚಹಾದಂಗಡಿಯ ಮುಂದಿನ ಬೆಂಚಿನ ಮೇಲೆ ಅವರ ಪಕ್ಕ ಕುಳಿತೆ. ಅವರು ತಲೆ ಎತ್ತಲಿಲ್ಲ.

"ಇದಕ್ಕ ಬರೂದಿಲ್ಲ ಅಂದದ್ದು" ಎಂದರು. "ನೋಡಿದವರೆಲ್ಲಾ ಮಾರಿ ತಿರುವತಾರ."

"ಮಾರಿ ನೋಡಬ್ಯಾಡ್ರಿ ಕಾಕಾ. ತಿರುವಿದ ಮ್ಯಾಲ ಬೆನ್ನು ನೋಡ್ರಿ."

ಮೆಣಸಿನಕಾಯಿ ಸಾಲಿನಿಂದ ಸೋಮನಿಂಗ ಬರುತ್ತಿದ್ದ. ನಮ್ಮನ್ನು ಕಂಡವನೇ ಗಕ್ಕನೆ ತಿರುಗಿ ಎದುರು ದಿಕ್ಕಿಗೆ ನಡೆದ. ಯಾಕೂಬಸಾಬರು ತಲೆ ಎತ್ತಿದರು. ಬಹಳ ಹೊತ್ತು ನೋಡಿದರು. ಅವರ ಹೆಬ್ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಸರಿದವು.

"ಈ ಬೆನ್ನು ಹೋಳಿ ಹಿಂದಿನ ಗುರುವಾರದ್ದು" ಎಂದರು. "ಎಡಗಡೆ ಕಟ್ಟಿಗಿ ಆಗಿತ್ತು."

"ಈಗ್ರಿ?"

"ಎರಡೂ ಕಡೆ ಸಮ ಐತಿ."

ಆಮೇಲೆ ಅವರು ಚಹಾ ಮುಟ್ಟಲಿಲ್ಲ. ಹೆಸರು ಗೊತ್ತಿಲ್ಲದವರನ್ನೂ ಬೆನ್ನಿನಿಂದ ಗುರುತು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ನೆಟ್ಟಗಿನ ಬೆನ್ನುಗಳ ಲೆಕ್ಕ ಒಂಬತ್ತಾಗಿತ್ತು. ಸೊಟ್ಟಗೆ ನಡೆಯುತ್ತಿದ್ದ ಒಬ್ಬ ಮುದುಕನನ್ನು ಕಂಡು, "ಅವ ಪಾಪ ಹಂಗ ಅದಾನ" ಎಂದು ಅವನನ್ನೂ ಬೇರೆ ಬೆರಳಿಗೆ ಎಣಿಸಿಕೊಂಡರು. ಕೊನೆಗೆ ಮಲ್ಲಣ್ಣ ಗಾಡಿಯಿಂದ ಚೀಲ ಇಳಿಸುತ್ತಿದ್ದವನು ನಮ್ಮನ್ನು ಕಂಡ. ಕೂಡಲೇ ಬೆನ್ನು ತಿರುಗಿಸಿ, ಒಂದು ಚೀಲ ಎತ್ತಿಕೊಂಡು, ಅಂಗಡಿಗೆ ಹತ್ತಿರದ ದಾರಿ ಬಿಟ್ಟು, ನಮ್ಮ ಮುಂದಿನಿಂದ ನಿಧಾನವಾಗಿ ಬಳಸಿಕೊಂಡು ಹೋದ.

ಯಾಕೂಬಸಾಬರು ಹುಬ್ಬೇರಿಸಿದರು. "ಅವತ್ತು ನಗಿಸಿದ ಬಾಯಿಗೂ ಈ ಬೆನ್ನಿಗೂ ಮಾಲಕ ಒಬ್ಬನ ಏನ್ರಿ?"

"ಒಬ್ಬನ ರೀ."

ಅವರು ನಕ್ಕರು. ಆಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. ನನ್ನಿಂದ ತಪ್ಪಾಯಿತು ಎನ್ನಲು ಇದೇ ಹೊತ್ತು ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಮಾಸ್ತರ, ನೀವು ಯಾಕ ಬಲಕ್ಕ ವಾಲಿ ಕುಂತೀರಿ?"

"ಸೈಕಲ್ ಹೊಡದು ಹೊಡದು ಟೊಂಕ ಹಿಡದೈತ್ರಿ."

"ಗುರುವಾರ ಬರ್ರಿ. ಎಣ್ಣಿ ತರೂದು ಮರೀಬ್ಯಾಡ್ರಿ."

ಗುರುವಾರ ಹೋದೆ. ಬೇವಿನ ಗಿಡದ ಕೆಳಗೆ ಆರು ಜನರಿದ್ದರು. ಅವರ ಮುಂದೆ ಮಾತೆತ್ತಲು ನಾಚಿಕೆಯಾಗಿ, ಎಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಕಂಬಳಿಯ ಮೇಲೆ ಮಲಗಿದೆ. ಹೆಬ್ಬೆರಳು ಇಳಿದು ಬಂದು ಒಂದು ಕಡೆ ನಿಂತಿತು. "ಮಕ್ಕಳಿಗೆ ಏನು ಕಲಸ್ತೀರಿ ಈಗ?" ಎಂದು ಅವರು ಕೇಳಿದರು. ಬೆಳಕು ಎಂದು ಹೇಳುವಷ್ಟರಲ್ಲಿ ಟಕ್ ಎಂದಿತು. ಎದ್ದು ಬಾಯಿ ತೆರೆದೆ. ಸಗೀರಾ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ಕೈ ತೋರಿಸಿದರು. ಎದ್ದವರು ಮಾತಾಡಬಾರದು. ಯಾಕೂಬಸಾಬರು ಆಗಲೇ ಮುಂದಿನವನನ್ನು ಕರೆಯುತ್ತಿದ್ದರು.

ಎಂಬತ್ತೈದನೆಯ ಹೆಸರಾಗಿ ನನ್ನದನ್ನು ಬರೆದುಕೊಂಡಿದ್ದೇನೆ. ಮೊದಲ ಅಳತೆ ಹನ್ನೊಂದು ಇಂಚು. ಆರನೆಯ ದಿನ ಮನೆಯಲ್ಲಿ ನಾನೇ ಅಳೆದಾಗ ಎರಡು. ಇದಾಗಿ ನಾಲ್ಕು ವರ್ಷ. ಹೇಳಿದರೆ ನೋವು ತಿರುಗಿ ಬರುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಆ ಬಾಗಿಲಿಗೆ ಮತ್ತೆ ಹೋದರೆ ಅವರು ನನ್ನನ್ನು ಗುಣವಾಗದವರ ಸಾಲಿಗೆ ಸೇರಿಸುತ್ತಾರೆಂದು ಬಲ್ಲೆ. ಕನ್ನೊಳ್ಳಿಯ ಮೇಲೆ ಹಾದುಹೋಗುವಾಗ ಬಿಲ್ಲಿನ ಸದ್ದು ಕೇಳುತ್ತದೆ. ಅವರು ಹೊರಗೆ ಕುಳಿತಿದ್ದರೆ ನಾನು ಮುಖ ತಿರುಗಿಸಿ, ಬೆನ್ನು ನೆಟ್ಟಗೆ ಹಿಡಿದು, ಸೈಕಲ್ ನಿಧಾನ ಮಾಡುತ್ತೇನೆ. ತಪ್ಪಾಯಿತು ಎಂಬ ಮಾತು ಇನ್ನೂ ನನ್ನ ಬಳಿಯೇ ಇದೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ, ತಿರುಗಿ ಬಂದ ದಿನದ ಅಂಕಣ ಖಾಲಿ ಇದೆ.